ಒಂದೇ ಪದದ ಪೆಟ್ಟಿಗೆ

ನಾನು ಒಂದು ಮರದ ಪೆಟ್ಟಿಗೆ. ಮೊಳ ಉದ್ದ, ಗೇಣು ಅಗಲ. ಮುಚ್ಚಳಕ್ಕೆ ಹಿತ್ತಾಳೆಯ ಎರಡು ಕೀಲು, ಮುಂದೆ ಒಂದು ಸಣ್ಣ ಕೊಂಡಿ. ಕೆಲವು ಪೆಟ್ಟಿಗೆಗಳಲ್ಲಿ ಒಡವೆ ಇಡುತ್ತಾರೆ, ಕೆಲವುಗಳಲ್ಲಿ ಕಾಗದಪತ್ರ. ನನ್ನಲ್ಲಿ ಒಂಬತ್ತು ವರ್ಷ ಇಟ್ಟದ್ದು ಒಂದೇ ಒಂದು ಪದ. ಅದೂ ಕನ್ನಡದ್ದಲ್ಲ, ಇಂಗ್ಲಿಷಿನದು. ಲೈನ್.

ನನ್ನನ್ನು ಮಾಡಿದವನು ಧಾರವಾಡದ ದೇವೇಂದ್ರಪ್ಪ ಬಡಿಗೇರ. ಕೆಡವಿದ ಶಾಲೆಯೊಂದರ ತೇಗದ ಬಾಗಿಲಿನಿಂದ ನನ್ನ ಹಲಗೆಗಳನ್ನು ಕೊಯ್ದ. ಅವನಿಗೆ ಟೇಪಿನ ಮೇಲೆ ನಂಬಿಕೆ ಇರಲಿಲ್ಲ. "ಒಳಗ ಏನ ಇಡತೀರಿ, ಅದನ್ನ ತಂದ ಕೊಡ್ರಿ" ಎಂದು ಹಟ ಹಿಡಿದ. ನಿಘಂಟಿನ ಕಚೇರಿಯಿಂದ ಒಂದು ಚೀಟಿ ಕಳಿಸಿದರು. ಅದನ್ನು ನನ್ನೊಳಗೆ ನಿಲ್ಲಿಸಿ, ಅದರ ಮೇಲೆ ತನ್ನ ತೋರುಬೆರಳು ಅಡ್ಡ ಇಟ್ಟು, ಅಷ್ಟು ಎತ್ತರಕ್ಕೆ ಗೆರೆ ಎಳೆದ. ಮುಚ್ಚಳ ಮುಚ್ಚಿದರೆ ಚೀಟಿಯ ತಲೆಗೆ ಒಂದು ಬೆರಳಿನಷ್ಟು ಗಾಳಿ ಉಳಿಯುತ್ತಿತ್ತು. ಮನುಷ್ಯರಿಗೆ ಇರುವಂತೆ ನನಗೂ ಒಂದು ಹೆಮ್ಮೆ ಇತ್ತೆಂದರೆ ಅದು ಆ ಒಂದು ಬೆರಳಿನ ಜಾಗದ್ದು.

ನಿಘಂಟಿನ ಕಚೇರಿ ಎಂದರೆ ದೊಡ್ಡದೇನಲ್ಲ. ಎರಡು ಕೋಣೆ, ಒಂದು ಟೆಲಿಫೋನು, ಮೂಲೆಯಲ್ಲಿ ಸ್ಟೋವ್. ಸಂಪಾದಕರು ಡಾಕ್ಟರ್ ಯಾದವಾಡ. ಇಂಗ್ಲಿಷ್ ಪದಗಳನ್ನು ಕನ್ನಡದ ಜನ ತಮ್ಮ ಬಾಯಲ್ಲಿ ಏನೇನು ಮಾಡಿಕೊಂಡಿದ್ದಾರೆ ಎಂಬುದನ್ನು ಬರೆದಿಡುವುದು ಅವರ ಆಸೆ. ಊರೂರಿನಲ್ಲಿ ಆಸಕ್ತರು ಚೀಟಿ ಬರೆದು ಕಳಿಸುತ್ತಿದ್ದರು. ಚೀಟಿಗೆ ಒಂದು ಕ್ರಮ ಇತ್ತು. ಮೇಲೆ ಪದ. ನಡುವೆ ಅದನ್ನು ಬಳಸಿದ ಮಾತು, ಕೇಳಿದ ಹಾಗೆಯೇ. ಕೆಳಗಿನ ಸಾಲಿನಲ್ಲಿ ಆ ಮಾತು ಆಡಿದವರ ಹೆಸರು, ಊರು, ಕಸುಬು. ಕೆಳಗಿನ ಸಾಲು ಇಲ್ಲದ ಚೀಟಿ ಬಂದರೆ ಯಾದವಾಡರು ವಾಪಸು ಕಳಿಸುತ್ತಿದ್ದರು. "ಮಾತು ಗಾಳಿಯಿಂದ ಬರೂದಿಲ್ಲ, ಬಾಯಿಂದ ಬರತದ. ಯಾರ ಬಾಯಿ ಅಂತ ಹೇಳ್ರಿ" ಎಂದು ಎಷ್ಟೋ ಜನರಿಗೆ ಅವರು ಬರೆದದ್ದನ್ನು ನಾನು ಕೇಳಿದ್ದೇನೆ. ಬರೆಯುವಾಗ ಗಟ್ಟಿಯಾಗಿ ಓದಿಕೊಳ್ಳುವ ಅಭ್ಯಾಸ ಅವರಿಗೆ.

ಉಳಿದ ಪದಗಳು ಗೋಡೆಯ ಕಪಾಟಿನಲ್ಲಿ ಹತ್ತಿಪ್ಪತ್ತು ಒಟ್ಟಿಗೆ ಒಂದೊಂದು ಖಾನೆಯಲ್ಲಿ ಬದುಕುತ್ತಿದ್ದವು. ಲೈನ್ ಒಂದಕ್ಕೇ ಬೇರೆ ಮನೆ ಬೇಕಾಯಿತು. ಅದಕ್ಕೆ ಕಾರಣ ಇಂದುಮತಿ ಹಂಚಿನಮನಿ.

ಆಕೆ ಹುಬ್ಬಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಮೂವತ್ತೈದರ ಆಸುಪಾಸು, ಒಬ್ಬಳೇ, ಮಾತು ಕಡಿಮೆ. ಕೆಲಸದಲ್ಲಿ ದಿನಕ್ಕೆ ಸಾವಿರ ಸಲ ಆ ಪದವನ್ನು ಕೇಳಿ, ಅದು ಬೇರೆ ಕಡೆ ಕಿವಿಗೆ ಬಿದ್ದರೂ ತಿರುಗಿ ನೋಡುವ ಚಟ ಹತ್ತಿತ್ತು. ಕೆಟ್ಟುಹೋದ ಟ್ರಂಕ್‌ಕಾಲ್ ಫಾರಂಗಳ ಬೆನ್ನಿನ ಮೇಲೆ ಚೀಟಿ ಬರೆಯುತ್ತಿದ್ದಳು. ಪ್ರತಿ ಗುರುವಾರ ರಜೆಯ ದಿನ ಬಸ್ಸು ಹಿಡಿದು ಧಾರವಾಡಕ್ಕೆ ಬಂದು, ನನ್ನ ಕೊಂಡಿ ತೆಗೆದು, ಅವುಗಳನ್ನು ಒಂದೊಂದಾಗಿ ನಿಲ್ಲಿಸುತ್ತಿದ್ದಳು.

ಹೀಗೆ ನನ್ನೊಳಗೆ ಜನ ಬಂದು ಸೇರಿದರು. ಸವದತ್ತಿ ಲೈನಿನ ಮೇಲೆ ಡ್ಯೂಟಿ ಇದ್ದ ಕಂಡಕ್ಟರ್. "ಅಂವ ಯಾವ ಲೈನಿನಾಂವ?" ಎಂದು ಅಳಿಯನ ಕಸುಬು ವಿಚಾರಿಸಿದ ಮಾವ. ಸಕ್ಕರೆಗೆ ಲೈನ್ ಹಚ್ಚಿದ ಮುದುಕಿ. ಎರಡು ಲೈನಿನ ಸರ ಮಾಡಿಸಿಕೊಂಡ ಮದುಮಗಳು. ಪೊಲೀಸ್ ಲೈನಿನಲ್ಲಿ ಹಾಲು ಹಾಕುವವನು. "ಇದ ಲೈನ್ ಹಿಡದ ವಾದ ಮಾಡ್ರಿ" ಎಂದ ಪಕ್ಷಗಾರ. ನಾಟಕದಲ್ಲಿ ಎರಡೇ ಎರಡು ಲೈನ್ ಸಿಕ್ಕು ಮುನಿಸಿಕೊಂಡ ನಟಿ. ನಾನು ಅವರ್‍ಯಾರನ್ನೂ ನೋಡಿಲ್ಲ. ಕೆಳಗಿನ ಸಾಲಿನಿಂದಲೇ ನನಗೆ ಅವರ ಗುರುತು.

ಗುರುವಾರದ ಮಧ್ಯಾಹ್ನ ಯಾದವಾಡರೂ ಆಕೆಯೂ ಆ ಅರ್ಥಗಳಿಗೆ ಕನ್ನಡ ಹುಡುಕುತ್ತಿದ್ದರು.

"ಸಾಲು ಅಂತ ಬರೀರಿ, ಮುಗೀತು" ಎನ್ನುವರು ಅವರು.

"ಸಕ್ಕರಿ ಅಂಗಡಿ ಮುಂದ ಸಾಲು ಖರೆ ಸರ. ಹುಡುಗ ಹುಡುಗಿಗೆ ಸಾಲು ಹೊಡೀತಾನೇನ್ರಿ?"

"ಗಾಳ ಹಾಕ್ತಾನ ಅನ್ರಿ."

"ಅದು ಮೀನಿಗೆ ಸರ."

ಚಹಾ ಮಾಡುತ್ತಿದ್ದ ಗಂಗಪ್ಪ, ಕಚೇರಿಯ ಜವಾನ, ಸ್ಟೋವಿನ ಕಡೆಯಿಂದಲೇ ಹೇಳುವನು: "ಎರಡೂ ಒಂದ ಬಿಡ್ರಿ. ನಾ ಸಿಕ್ಕಬಿದ್ದು ಇಪ್ಪತ್ತ ವರ್ಷ ಆತು." ಆಗ ಇಂದುಮತಿ ನಗುತ್ತಿದ್ದಳು. ಸಾಲು, ಗೆರೆ, ಪಂಕ್ತಿ, ಹಾದಿ, ತಂತಿ, ಎಳೆ, ಸರದಿ, ಕಸುಬು, ಧೋರಣೆ. ಒಂದು ಪದಕ್ಕೆ ಇಷ್ಟು ಬಂಧುಗಳು. ಕೊನೆಗೆ ನಲವತ್ತೊಂದು ಅರ್ಥಗಳಾದವು, ಇನ್ನೂರಕ್ಕೆ ಮೇಲ್ಪಟ್ಟು ಚೀಟಿಗಳು.

ಒಂದು ಗುರುವಾರ ಕಚೇರಿಯ ಟೆಲಿಫೋನು ಕೆಟ್ಟಿತ್ತು. ಅದನ್ನು ಸರಿಮಾಡಲು ಬಂದವನು ಲೈನ್‌ಮನ್ ಮೌಲಾಲಿ. ತೆಳ್ಳಗಿನ ಮನುಷ್ಯ, ಹೆಗಲಿಗೆ ತಂತಿಯ ಸುರುಳಿ.

"ಏನಪಾ, ಲೈನ್ ಸತ್ತದೇನು?" ಎಂದರು ಯಾದವಾಡರು.

"ಸತ್ತ ಲೈನ್ ಅಂತ ಇರೂದುಲ್ರಿ ಸರ. ಮಲಗಿರತಾವ. ಎಬ್ಬಸಾಕಂತನ ನಮಗ ಪಗಾರ."

ಇಂದುಮತಿಯ ಪೆನ್ನು ಆಗಲೇ ಓಡುತ್ತಿತ್ತು. ಬರೆದು ಮುಗಿಸಿ ಆತನ ಹೆಸರು ಕೇಳಿದಳು. ಅವನಿಗೆ ಗಾಬರಿ.

"ಹೆಸರ ಯಾಕ್ರಿ ಬಾಯಾರ? ಕಂಪ್ಲೇಂಟ್ ಕೊಡತೀರೇನು?"

ಯಾದವಾಡರು ಜೋರಾಗಿ ನಕ್ಕರು. ಪುಸ್ತಕದಲ್ಲಿ ಅವನ ಮಾತೂ ಬರುತ್ತದೆ, ಅದರ ಕೆಳಗೆ ಅವನ ಹೆಸರೂ ಬರುತ್ತದೆ ಎಂದು ತಿಳಿಸಿ ಹೇಳಿದರು. ಮೌಲಾಲಿಗೆ ಹೆಂಡತಿಯ ನೆನಪಾಯಿತು. "ನಮ್ಮ ಹುಸೇನಬಿ ನಂಬೂದುಲ್ಲ ಆಕಿ. ಬಾಯಾರ, ನೀವ ಒಂದಸಲ ಮನಿಗಿ ಬಂದು ಹೇಳಬೇಕು ನೋಡ್ರಿ" ಎಂದ. ಮುಂದಿನ ವಾರ ಇಂದುಮತಿ ಹೋಗಿ ಹೇಳಿ ಬಂದಳು. ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಎಲ್ಲರೂ ಅವನನ್ನು ಪುಸ್ತಕದ ಮೌಲಾಲಿ ಎಂದು ಕಾಡಲು ಶುರುಮಾಡಿದ್ದಾರೆ ಎಂದು ಬಂದು ವರದಿ ಒಪ್ಪಿಸಿದಳು.

ಅದೇ ವರ್ಷದ ಆಷಾಢದ ಗಾಳಿಯಲ್ಲಿ ಕಲಘಟಗಿ ರಸ್ತೆಯ ಕಂಬದ ಮೇಲಿಂದ ಮೌಲಾಲಿ ಬಿದ್ದ. ಆಸ್ಪತ್ರೆ ಮುಟ್ಟಲಿಲ್ಲ.

ಇಂದುಮತಿ ಅವನ ಮಣ್ಣಿಗೆ ಹೋಗಿ ಬಂದ ಗುರುವಾರ ಚೀಟಿ ಏನೂ ತಂದಿರಲಿಲ್ಲ. ಕುರ್ಚಿಯಲ್ಲಿ ಕುಳಿತು ನನ್ನ ಮುಚ್ಚಳದ ಮೇಲೆ ಕೈ ಇಟ್ಟುಕೊಂಡಿದ್ದಳು. ಹಾಗೆಯೇ ಅಂದಳು: "ಹುಸೇನಬಿ ಒಂದ ಮಾತು ಕೇಳಿದ್ಲು ಸರ. ಪುಸ್ತಕ ಯಾವಾಗ ಬರತೈತಿ ಅಂತ."

"ಬರತದ. ಮೌಲಾಲಿ ಹೆಸರು ಬಿಡೂದಿಲ್ಲ ನಾ" ಎಂದರು ಯಾದವಾಡರು. ಆಗ ಅವರು ಸುಳ್ಳು ಹೇಳಲಿಲ್ಲ. ಅದನ್ನು ಇವತ್ತಿಗೂ ನಂಬುತ್ತೇನೆ.

ಮತ್ತೆ ನಾಲ್ಕು ವರ್ಷ ಕಳೆದವು. ಅಚ್ಚಿಗೆ ಹೋಗುವ ಮೊದಲು ನಿಘಂಟನ್ನು ನೋಡಿ ಒಪ್ಪಿಗೆ ಕೊಡಲು ಬೇರೆ ಊರಿನಿಂದ ಇಬ್ಬರು ತಜ್ಞರು ಬಂದರು. ಒಬ್ಬರು ನನ್ನ ಕೊಂಡಿ ತೆಗೆದು ಒಂದು ಚೀಟಿ ಎತ್ತಿಕೊಂಡರು.

"ಏನ್ ಸಾರ್ ಇದು! ಆಧಾರ: ತಿಪ್ಪವ್ವ, ಖಾನಾವಳಿಯಲ್ಲಿ ರೊಟ್ಟಿ ಬಡಿಯುವಾಕೆ, ಗದಗ?" ಅವರು ಇನ್ನೊಂದು ತೆಗೆದರು. "ಲೈನ್‌ಮನ್ನು, ಹಮಾಲರು, ಹಾಲಿನವನು. ನಿಘಂಟು ಮಾಡ್ತಿದೀರೋ, ಹಾಜರಿ ತಗೋತಿದೀರೋ?"

ಇನ್ನೊಬ್ಬರು ನಕ್ಕರು. ಒಂದು ಗಳಿಗೆ ಕಳೆದು ಯಾದವಾಡರೂ ನಕ್ಕರು. ನನಗೆ ಆ ನಗು ಗೊತ್ತಿರಲಿಲ್ಲ. ಒಂಬತ್ತು ವರ್ಷ ಅವರ ಮೇಜಿನ ಮೇಲಿದ್ದೆ, ಅವರ ಎಲ್ಲ ನಗುಗಳೂ ನನಗೆ ಪರಿಚಯ. ಇದು ಹೊಸದು.

"ಅದು ನಮ್ಮ ಒಳಗಿನ ಗುರುತಿಗೆ ಅಷ್ಟ ಸರ. ಅಚ್ಚಿನಾಗ ಬರೂದಿಲ್ಲ" ಎಂದರು.

ಆ ದಿನಗಳಲ್ಲಿ ಇಂದುಮತಿಯನ್ನು ಎರಡು ತಿಂಗಳ ಮಟ್ಟಿಗೆ ಬೇರೆ ಊರಿನ ಎಕ್ಸ್‌ಚೇಂಜಿಗೆ ಹಾಕಿದ್ದರು. ಆಕೆ ಇಲ್ಲದ ಒಂದು ಗುರುವಾರ ಗಂಗಪ್ಪ ಚೀಟಿಗಳನ್ನೆಲ್ಲ ನನ್ನಿಂದ ತೆಗೆದು ಕಟ್ಟು ಕಟ್ಟಿದ. ಬೈಂಡಿಂಗಿನವರ ಹತ್ತಿರ ಇರುವ ಕತ್ತರಿಸುವ ಯಂತ್ರಕ್ಕೆ ಕೊಟ್ಟು, ಸಂಜೆ ವಾಪಸು ತಂದ. ಪ್ರತಿ ಚೀಟಿಯೂ ಕೆಳಗೆ ಎರಡು ಬೆರಳಿನಷ್ಟು ಗಿಡ್ಡವಾಗಿತ್ತು. ಪದ ಇತ್ತು, ಮಾತು ಇತ್ತು. ಆಡಿದವರು ಇರಲಿಲ್ಲ. ಕತ್ತರಿಸಿದ ಚೂರುಗಳು ಒಂದು ಚೀಲದಲ್ಲಿ ಬೇರೆ ಬಂದಿದ್ದವು. ಒಂದು ವಾರ ಸ್ಟೋವ್ ಹೊತ್ತಿಸಲು ಗಂಗಪ್ಪನಿಗೆ ಬೇರೆ ಕಾಗದ ಬೇಕಾಗಲಿಲ್ಲ.

ಇಂದುಮತಿ ಬಂದಳು. ಕೊಂಡಿ ತೆಗೆದಳು. ಒಂದು ಚೀಟಿ ತೆಗೆದು ನೋಡಿ ಅಲ್ಲೇ ಇಟ್ಟಳು. ಇನ್ನೊಂದು ತೆಗೆದಳು. ಮೂರನೆಯದನ್ನು ತೆಗೆಯಲಿಲ್ಲ.

"ಇದೇನಿದು ಸರ?"

ಯಾದವಾಡರು ಕಾಗದದಿಂದ ತಲೆ ಎತ್ತಲಿಲ್ಲ. "ಪೆಟ್ಟಿಗಿ ಸಣ್ಣದಾತು. ಚೀಟಿ ಮಡಚಿ ಹಾಳಾಗಲಿಕ್ಕೆ ಹತ್ತಿದ್ದವು. ಒಂದಿಷ್ಟು ಕತ್ತರಿಸಬೇಕಾತು. ಆ ಬಡಿಗ್ಯಾನ ಅಳತಿ ನಿಮಗ ಗೊತ್ತದಲ್ಲ."

ನಾನು ಸಣ್ಣದಾದೆನಂತೆ. ನನಗೆ ಬಾಯಿ ಇಲ್ಲ, ಮುಚ್ಚಳ ಮಾತ್ರ ಇದೆ. ಸತ್ತುಹೋಗಿದ್ದ ದೇವೇಂದ್ರಪ್ಪನ ಬೆರಳಿನ ಲೆಕ್ಕ ಹೇಳಲು ನನಗೆ ಸಾಧ್ಯವಿರಲಿಲ್ಲ.

ಇಂದುಮತಿ ತನ್ನ ಚೀಲ ತೆರೆದಳು. ಬರೆಯದ ಒಂದು ಟ್ರಂಕ್‌ಕಾಲ್ ಫಾರಂ ತೆಗೆದಳು. ಯಾವತ್ತೂ ಬರೆಯುತ್ತಿದ್ದ ಅದೇ ಅಳತೆಯ ಕಾಗದ. ಅದನ್ನು ನನ್ನೊಳಗೆ ನೆಟ್ಟಗೆ ನಿಲ್ಲಿಸಿ ಮುಚ್ಚಳ ಇಳಿಸಿದಳು. ಮುಚ್ಚಳ ಕೂತಿತು. ಕೊಂಡಿ ಟಕ್ಕೆಂದಿತು.

ಸ್ಟೋವಿನ ಮೇಲೆ ಚಹಾ ಉಕ್ಕಿ ಕೆಳಗೆ ಸುರಿಯಿತು. ಗಂಗಪ್ಪ ಅದನ್ನು ನೋಡುತ್ತ ನಿಂತಿದ್ದನೇ ಹೊರತು ಇಳಿಸಲಿಲ್ಲ. ಮನುಷ್ಯರ ಮೌನಗಳಲ್ಲಿ ಹಲವು ಬಗೆ ಇವೆ ಎಂದು ನನಗೆ ಅಂದು ತಿಳಿಯಿತು. ಇದು ಒಬ್ಬರ ಸುಳ್ಳು ಮೂವರಿಗೂ ಗೊತ್ತಾಗಿ, ಯಾರೂ ಅದನ್ನು ಎತ್ತಿ ಹೊರಗೆ ಹಾಕದ ಮೌನ. ಅದರಲ್ಲಿ ನನ್ನ ಪಾಲೂ ಇತ್ತು.

ಕೊನೆಗೆ ಇಂದುಮತಿಯೇ ಬಾಯಿ ತೆರೆದಳು. ಜಗಳ ಮಾಡುತ್ತಾಳೆ ಎಂದು ನಾನು ಕಾದಿದ್ದೆ. ಆಕೆ ಬೇಡಿದಳು.

"ಉಳದವ್ರದು ಹೋಗ್ಲಿ ಸರ. ಮೌಲಾಲಿದೊಂದು ಹಾಕ್ರಿ."

"ಅದೊಂದು ಹಾಕತೇನಿ" ಎಂದರು ಯಾದವಾಡರು. ಈಗಲೂ ತಲೆ ಎತ್ತಲಿಲ್ಲ.

ಇನ್ನೂರು ಜನರನ್ನು ಅಲ್ಲಿಯೇ ಬಿಟ್ಟು ಒಬ್ಬನನ್ನು ಉಳಿಸಿಕೊಂಡಳು. ಅವರೆಲ್ಲರ ಹೆಸರುಗಳನ್ನು ತನ್ನ ಕೈಯಾರೆ ಬರೆದವಳು ಆಕೆಯೇ. ಆ ದಿನ ಬಸ್ಸಿಗೆ ಹೋಗುವಾಗ ನನ್ನ ಕಡೆ ನೋಡಲಿಲ್ಲ.

ಮುಂದಿನ ವರ್ಷ ನಿಘಂಟು ಬಂತು. ಕೆಂಪು ರಟ್ಟು, ಬಂಗಾರದ ಅಕ್ಷರ. ಚೀಟಿಗಳನ್ನು ಮುದ್ರಣಾಲಯದವರು ರದ್ದಿಯವನ ತೂಕಕ್ಕೆ ಹಾಕಿದ್ದರಿಂದ ನಾನು ಖಾಲಿಯಾಗಿದ್ದೆ. ಇಂದುಮತಿ ಬಂದಾಗ ಯಾದವಾಡರು ಇರಲಿಲ್ಲ. ಸನ್ಮಾನಕ್ಕೆ ಹೋಗಿದ್ದರು. ಗಂಗಪ್ಪ ಆಕೆಯ ಪ್ರತಿಯನ್ನು ಕೈಗೆ ಕೊಟ್ಟ. ಆಕೆ ನಿಂತಲ್ಲಿಯೇ ಪುಟ ತಿರುವಿ ಆ ಪದ ತೆಗೆದಳು. ತುಟಿಯಲ್ಲಿಯೇ ಓದಿಕೊಂಡಳು. ಸತ್ತ ಲೈನು: ಸಂಪರ್ಕ ಕಡಿದುಹೋದ ತಂತಿ. ಆಮೇಲೆ ಆವರಣದೊಳಗೆ ಎರಡು ಸಣ್ಣ ಅಕ್ಷರ, ಆಡುಮಾತು ಎಂಬುದರ ಕುರುಹು: ಆಡು.

ಹೆಸರು ಇರಲಿಲ್ಲ. ಅಷ್ಟೇ ಅಲ್ಲ, ಸತ್ತ ಲೈನ್ ಎಂಬುದೇ ಇಲ್ಲ ಎಂದು ಮೌಲಾಲಿ ಹೇಳಿದ್ದರೆ, ಇವರು ಇದೆ ಎಂದು ಅಚ್ಚು ಹಾಕಿದ್ದರು.

"ಬಾಯಾರ, ಕುಂದರ್ರಿ, ಚಹಾ ಮಾಡತೇನಿ" ಎಂದ ಗಂಗಪ್ಪ.

"ನಿನ್ನ ಚಹಾ ಬ್ಯಾಡ. ಆ ಪೆಟ್ಟಿಗಿ ಕೊಡು."

ಪುಸ್ತಕವನ್ನೂ ನನ್ನನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಆಕೆ ನೇರ ಹಳೇ ಹುಬ್ಬಳ್ಳಿಗೆ ಬಂದಳು. ದಾರಿಯಲ್ಲಿ ಏನು ಯೋಚಿಸಿದಳೋ ನನಗೆ ತಿಳಿಯದು. ಪುಸ್ತಕ ಬಂದ ಸುದ್ದಿ ಪೇಪರಿನಲ್ಲಿ ಓದಿ ಯಾರೋ ಹುಸೇನಬಿಗೆ ಮೊದಲೇ ಹೇಳಿದ್ದರು. ಆಕೆ ಅಂಗಳದಲ್ಲಿ ಕೌದಿ ಹೊಲಿಯುತ್ತ ಕುಳಿತಿದ್ದಳು. ಎದುರು ಮನೆಯ ಫಕ್ಕೀರವ್ವ ಕಟ್ಟೆಯ ಮೇಲೆ.

"ಬಂದ್ರು ನೋಡ ನಿನ್ನ ಬಾಯಾರು" ಎಂದಳು ಫಕ್ಕೀರವ್ವ. "ಗಂಡ ಪುಸ್ತಕದಾಗ ಹೊಕ್ಕಾನ, ಇನ್ನ ಈಕಿ ನಮ್ಮನ್ನ ಮಾತಾಡಸ್ತಾಳೇನ?"

"ನೀ ಸುಮ್ನ ಕುಂದರ, ಶಿರಾ ತಿಂದೀದಿ ಹೌದಿಲ್ಲ" ಎಂದು ಹುಸೇನಬಿ ಕೈ ಒರೆಸಿಕೊಂಡಳು. ಬೆಳಿಗ್ಗೆಯೇ ಶಿರಾ ಮಾಡಿ ನಾಲ್ಕು ಮನೆಗೆ ಹಂಚಿದ್ದಳು. ಪುಸ್ತಕವನ್ನು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. "ಎಲ್ಲೈತ್ರಿ ಹೆಸರು? ಬೆರಳ ಇಟ್ಟ ತೋರಸ್ರಿ."

ಇಂದುಮತಿ ಪುಟ ತೆಗೆದಳು. ಆಕೆಯ ಬೆರಳು ಕಾಗದದ ಮೇಲೆ ಒಂದು ಕ್ಷಣ ಅಲೆಯಿತು. ಆ ಎರಡು ಸಣ್ಣ ಅಕ್ಷರಗಳ ಮೇಲೆ ನಿಂತಿತು.

"ಇಲ್ಲೇ" ಎಂದಳು.

ನಾನು ಆಕೆಯ ಕಾಲ ಬಳಿ ತೆರೆದ ಚೀಲದಲ್ಲಿದ್ದೆ.

ಓದು ಬಾರದ ಹುಸೇನಬಿ ಆ ಜಾಗವನ್ನು ಬಹಳ ಹೊತ್ತು ನೋಡಿದಳು. ಪುಟದ ಮೇಲೆ ಬೆರಳಿಟ್ಟುಕೊಂಡೇ ಎದ್ದಳು. ಗೋಡೆಗೆ ಮೌಲಾಲಿಯ ಸೈಕಲ್ ಒರಗಿತ್ತು. ಅದರ ಚೈನ್ ಕವರಿನ ಮೇಲೆ ಬಿಳಿ ಬಣ್ಣದಲ್ಲಿ ಅವನು ತನ್ನ ಹೆಸರು ಬರೆಸಿದ್ದ. ಐದು ವರ್ಷದಿಂದ ಪ್ರತಿ ಶುಕ್ರವಾರ ಆಕೆ ಅದನ್ನು ಒರೆಸುತ್ತಿದ್ದಳಂತೆ. ಕುಕ್ಕರಗಾಲಲ್ಲಿ ಕುಳಿತು, ತೆರೆದ ಪುಸ್ತಕವನ್ನು ಆ ಹೆಸರಿನ ಪಕ್ಕಕ್ಕೆ ಹಿಡಿದಳು. ಕೌದಿಗೆ ಅರಿವೆ ಹೊಂದಿಸುವಾಗ ಹಿಡಿಯುವ ಹಾಗೆ. ಒಮ್ಮೆ ಅಲ್ಲಿ ನೋಡಿದಳು, ಒಮ್ಮೆ ಇಲ್ಲಿ. ಫಕ್ಕೀರವ್ವನೂ ಕಟ್ಟೆ ಇಳಿದು ಬಂದು ಹಿಂದೆ ನಿಂತಳು.

"ಇದು ಅಂವ ಅಲ್ಲ" ಎಂದಳು ಹುಸೇನಬಿ.

ಇಂದುಮತಿ ಎಲ್ಲವನ್ನೂ ಹೇಳತೊಡಗಿದಳು. ತಜ್ಞರು, ಕತ್ತರಿ, ಯಾದವಾಡರ ಮಾತು. ಹುಸೇನಬಿ ನಡುವೆಯೇ ಕೈ ಎತ್ತಿದಳು.

"ಅವರು ದೊಡ್ಡಮಂದಿ. ಹಾಕಲಿಲ್ಲ, ಬಿಟ್ರು. ಅದನ್ನ ಬಂದು ಹೇಳಿದ್ರ ಏನಾಗ್ತಿತ್ತ್ರಿ? ನಾ ನಿಮ್ಮನ್ನ ಬೈತಿದ್ದೆ, ಆಮ್ಯಾಗ ಇಬ್ಬರೂ ಅಳತಿದ್ವಿ. ನೀವು ಇಲ್ಲೇ ಅಂದ್ರಲ್ಲ ಬಾಯಾರ."

ಇಂದುಮತಿ ಚೀಲವನ್ನೂ ಅಲ್ಲಿಯೇ ಬಿಟ್ಟು ಎದ್ದು ಹೋದಳು. ಓಣಿಯ ತಿರುವಿನ ತನಕ ಚಪ್ಪಲಿಯ ಸದ್ದು ಕೇಳಿತು. ಪುಸ್ತಕವನ್ನು ಹುಸೇನಬಿ ಫಕ್ಕೀರವ್ವನ ಕೈಯಲ್ಲಿ ಮರುದಿನ ಎಕ್ಸ್‌ಚೇಂಜಿಗೆ ಕಳಿಸಿಬಿಟ್ಟಳು. ನನ್ನನ್ನು ಯಾರೂ ಕೇಳಲಿಲ್ಲ, ಯಾರೂ ಕಳಿಸಲಿಲ್ಲ. ಹೀಗೆ ಈ ಮನೆಗೆ ಸೇರಿದೆ.

ಈಗ ನನ್ನಲ್ಲಿ ದಾರದ ಉಂಡೆಗಳಿವೆ, ಸೂಜಿಗಳಿವೆ, ಕೌದಿಗೆ ಬೇಕಾದ ಅರಿವೆಯ ತುಣುಕುಗಳಿವೆ. ಹಿತ್ತಾಳೆ ಕೀಲು ಹಸಿರುಗಟ್ಟಿದೆ. ಒಂದು ಬದಿಯ ಹಲಗೆ ಬಿರುಕು ಬಿಟ್ಟಿದೆ. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ನಾನು ಲೆಕ್ಕ ಹಾಕುತ್ತೇನೆ. ಯಾದವಾಡರು ಇಂದುಮತಿಗೆ ಮೋಸ ಮಾಡಿದರು, ನನ್ನ ಹೆಸರು ಹೇಳಿ. ಇಂದುಮತಿ ಇನ್ನೂರು ಜನರಿಗೆ ಮೋಸ ಮಾಡಿದಳು, ಒಬ್ಬನ ಹೆಸರು ಹೇಳಿ. ಆಮೇಲೆ ಅವನ ಹೆಂಡತಿಗೂ ಮಾಡಿದಳು. ಇಬ್ಬರೂ ಕೆಟ್ಟವರಲ್ಲ. ಹೆಸರು ಬರೆಯದ ಚೀಟಿಯನ್ನು ವಾಪಸು ಕಳಿಸುತ್ತಿದ್ದ ಮನುಷ್ಯ ಆತ. ಮಳೆಯಲ್ಲಿ ನೆನೆದು ಬಂದರೂ ಚೀಟಿ ನೆನೆಯಗೊಡದ ಹೆಂಗಸು ಆಕೆ. ಕೆಟ್ಟವರು ಕೈಬಿಟ್ಟಿದ್ದರೆ ನನಗೆ ಇಷ್ಟು ದಿನ ಯೋಚನೆ ಇರುತ್ತಿರಲಿಲ್ಲ.

ಈ ಮನೆಯ ಒಂದು ಸಂಗತಿ ನನ್ನ ಗಮನಕ್ಕೆ ಬರಲು ವರ್ಷವೇ ಹಿಡಿಯಿತು. ಸಂಜೆ ಕರೆಂಟು ಹೋದರೆ ಓಣಿಯ ತುಂಬ "ಲೈನ್ ಹೋತು" ಎಂದು ಕೂಗು ಏಳುತ್ತದೆ. ಹುಸೇನಬಿ "ಕತ್ತಲಾತು" ಎನ್ನುತ್ತಾಳೆ. ರೇಷನ್ನಿಗೆ ಹೋಗಿ ಬಂದರೆ "ಸಾಲು ಭಾಳ ಉದ್ದ ಇತ್ತು" ಎನ್ನುತ್ತಾಳೆ. ಗಂಡ ಏನಾಗಿದ್ದ ಎಂದು ಯಾರಾದರೂ ಕೇಳಿದರೆ "ಕಂಬ ಏರತಿದ್ದ" ಎಂದಷ್ಟೇ.

ಒಂದು ದಿನ ಫಕ್ಕೀರವ್ವ ಕೇಳಿಯೇಬಿಟ್ಟಳು. "ಊರ ಮಂದಿ ಲೈನ್ ಅಂತಾರ, ನಿನಗೇನ ಲೈನ್ ಅಂದ್ರ ನಾಲಿಗಿ ಸುಡತೈತೇನ?"

ಹುಸೇನಬಿ ನನ್ನ ಮುಚ್ಚಳ ತೆರೆದು ಕರಿ ದಾರದ ಉಂಡೆ ಹುಡುಕುತ್ತಿದ್ದಳು.

"ಅದು ಅವರ ಪುಸ್ತಕದ ಮಾತು" ಎಂದಳು. "ನಂದಲ್ಲ."

ದಾರ ಸಿಕ್ಕಿತು. ತುದಿಯನ್ನು ಬಾಯಲ್ಲಿ ತೇವ ಮಾಡಿ ಸೂಜಿಗೆ ಪೋಣಿಸಿಕೊಂಡು, ಮುಚ್ಚಳ ಹಾಕಿದಳು.